ಕೆದಾರ್: ಇಂಗ್ಲಿಷ್ ಬಿಟ್ಟು ಕನ್ನಡದಿಂದ ಹಿಡಿಯಬೇಕಾದ ಸ್ಪ್ಯಾನಿಷ್ ಕ್ರಿಯಾಪದ

ಸ್ಪ್ಯಾನಿಷ್ ಕಲಿಯುವವರ ನೋಟ್‌ಬುಕ್ಕಿನಲ್ಲಿ ‘ಕೆದಾರ್’ ಎದುರು ಸಾಮಾನ್ಯವಾಗಿ ‘ಸ್ಟೇ’ ಅಂತ ಒಂದೇ ಅರ್ಥ ಬರೆದಿರುತ್ತದೆ. ಎರಡು ತಿಂಗಳಾಗುವಷ್ಟರಲ್ಲಿ ಅದು ಕೈಕೊಡುತ್ತದೆ. ಅಂಗಿ ಹಾಕಿ ನೋಡುವಾಗ ಕೆದಾರ್, ದಾರಿ ಕೇಳುವಾಗ ಕೆದಾರ್, ಸಂಜೆ ಎಷ್ಟೊತ್ತಿಗೆ ಸಿಗೋಣ ಅನ್ನುವುದಕ್ಕೆ ಕೆದಾರ್, ಫುಟ್‌ಬಾಲ್ ಪಂದ್ಯ ಏನಾಯ್ತು ಅನ್ನುವುದಕ್ಕೂ ಕೆದಾರ್. ಆಗ ಕಲಿಯುವವರು ಹದಿನೈದು ಇಂಗ್ಲಿಷ್ ಅರ್ಥಗಳ ಪಟ್ಟಿ ಮಾಡಿ ಉರುಹೊಡೆಯಲು ಕೂರುತ್ತಾರೆ. ಅದು ದಂಡ. ಈ ಪದದ ಅರ್ಥಗಳು ಚೆಲ್ಲಾಪಿಲ್ಲಿಯಾಗಿ ಕಾಣುವುದು ಇಂಗ್ಲಿಷ್ ಕನ್ನಡಕ ಹಾಕಿಕೊಂಡಾಗ ಮಾತ್ರ. ಕನ್ನಡದವರ ಕೈಯಲ್ಲಿ ಇದಕ್ಕೆ ಬೇಕಾದ ಹತಾರುಗಳು ಆಗಲೇ ಇವೆ: ‘ನನಗೆ’ ಎನ್ನುವ ಚತುರ್ಥಿ ವಿಭಕ್ತಿ, ‘ಉಳಿ’, ‘ಆಗು’, ಜೊತೆಗೆ ಬಾಲದಲ್ಲಿ ಬರುವ ‘ಕೊಳ್ಳು’ ಮತ್ತು ‘ಬಿಡು’. ಕನ್ನಡವೂ ಎರಡು ಮೂರು ಕಡೆ ದಾರಿ ತಪ್ಪಿಸುತ್ತದೆ, ಅದನ್ನೂ ನೋಡೋಣ.

ಮೊದಲು ಉಚ್ಚಾರಣೆ. ಬರೆಯುವಾಗ ಕ್ಯೂ, ಯು, ಇ, ಡಿ, ಎ, ಆರ್. ಇಲ್ಲಿ ಯು ಅಕ್ಷರಕ್ಕೆ ದನಿಯಿಲ್ಲ, ಆದ್ದರಿಂದ ‘ಕ್ವೆ’ ಅಲ್ಲ, ಬರೀ ‘ಕೆ’. ನಡುವಿನ ಡಿ ನಮ್ಮ ‘ಡ’ ಅಲ್ಲ, ‘ದ’. ಅದೂ ಗಟ್ಟಿ ‘ದ’ ಅಲ್ಲ. ಎರಡು ಸ್ವರಗಳ ಮಧ್ಯೆ ನಾಲಿಗೆ ಹಲ್ಲಿಗೆ ಪೂರ್ತಿ ಒತ್ತದೆ ಸವರಿಕೊಂಡು ಹೋಗುತ್ತದೆ. ಒತ್ತು ಎಲ್ಲಿ ಬೀಳುತ್ತದೆ ಅನ್ನುವುದು ಇನ್ನೂ ಮುಖ್ಯ. ಈ ಬರಹದಲ್ಲಿ ಒತ್ತು ಬೀಳುವ ಕಡೆ ದೀರ್ಘ ಹಾಕಿದ್ದೇನೆ. ಅದು ಗುರುತಿಗೆ ಮಾತ್ರ, ನಿಜಕ್ಕೂ ಎಳೆಯಬೇಡಿ. ಕೇದೊ ಅಂದರೆ ‘ನಾನು ಉಳಿಯುತ್ತೇನೆ’, ಕೆದೋ ಅಂದರೆ ‘ಅವನು (ಅವಳು, ಅದು) ಉಳಿದ’. ಒತ್ತು ಆಚೀಚೆ ಆದರೆ ಆಳೂ ಬದಲು, ಕಾಲವೂ ಬದಲು. ಸಿ ಮತ್ತು ಝಡ್ ಅಕ್ಷರಗಳಿಗೆ ಲ್ಯಾಟಿನ್ ಅಮೆರಿಕದವರು ‘ಸ’ ಅನ್ನುವ ಕಡೆ ಸ್ಪೇನಿನ ಬಹುಪಾಲು ಜನ ನಾಲಿಗೆಯನ್ನು ಹಲ್ಲುಗಳ ನಡುವೆ ತರುತ್ತಾರೆ. ನಾನು ‘ಸ’ ಎಂದೇ ಬರೆಯುತ್ತೇನೆ.

ರೂಪಗಳಲ್ಲಿ ಕಷ್ಟವಿಲ್ಲ, ಪೂರ್ತಿ ನಿಯಮಬದ್ಧ ಕ್ರಿಯಾಪದ: ಕೇದೊ, ಕೇದಸ್, ಕೇದ, ಕೆದಾಮೊಸ್, ಕೆದಾಇಸ್, ಕೇದನ್. ಮೂಲ ಲ್ಯಾಟಿನ್ನಿನ ‘ಕ್ವಿಯೆಟಾರೆ’, ಅಂದರೆ ಶಾಂತಗೊಳಿಸು, ಸುಮ್ಮನಾಗಿಸು. ಅಲ್ಲಾಡುತ್ತಿದ್ದದ್ದು ಅಲ್ಲಾಡದೆ ನಿಂತಿತು ಎನ್ನುವ ಚಿತ್ರ ಮನಸ್ಸಿನಲ್ಲಿರಲಿ. ಮುಂದಿನ ಬಹುಪಾಲು ಅರ್ಥಗಳಲ್ಲಿ ಕೊನೆಗೆ ಏನು ನಿಂತಿತು, ಎಲ್ಲಿಗೆ ಬಂದು ನಿಂತಿತು ಅನ್ನುವುದೇ ಇದೆ.

ನನಗೆ ಉಳಿದದ್ದು

ಮೊದಲು ಕಲಿಯಬೇಕಾದ ವಾಕ್ಯ ‘ಮೆ ಕೇದನ್ ದೊಸ್ ತೊಮಾತೆಸ್’. ನನ್ನ ಬಳಿ ಎರಡು ಟೊಮೆಟೊ ಉಳಿದಿವೆ. ವಾಕ್ಯದ ಕರ್ತೃ ಟೊಮೆಟೊ, ನಾನಲ್ಲ. ನಾನು ‘ಮೆ’ ಆಗಿ, ‘ನನಗೆ’ ಆಗಿ ಪಕ್ಕದಲ್ಲಿ ನಿಂತಿದ್ದೇನೆ. ಇಂಗ್ಲಿಷ್‌ನಿಂದ ಬರುವವರಿಗೆ ಈ ತಿರುವು ಅರಗಲು ತಿಂಗಳುಗಳೇ ಬೇಕು. ‘ನನಗೆ ಹಸಿವು’, ‘ನನಗೆ ಇಷ್ಟ’, ‘ನನಗೆ ಗೊತ್ತು’ ಎಂದು ಹುಟ್ಟಿನಿಂದ ಮಾತಾಡಿದವರಿಗೆ ಇದು ಹೊಸದಲ್ಲ. ಮೆ ಗೂಸ್ತ ಎನ್ನುವುದನ್ನು ‘ನನಗೆ ಇಷ್ಟ’ ಅಂತ ಹಿಡಿದವರು ಮೆ ಕೇದ ಎನ್ನುವುದನ್ನೂ ಅದೇ ಗೂಟಕ್ಕೆ ಕಟ್ಟಬಹುದು. ಸರ್ವನಾಮಗಳು ಮೆ (ನನಗೆ), ತೆ (ನಿನಗೆ), ಲೆ (ಅವನಿಗೆ, ಅವಳಿಗೆ, ತಮಗೆ), ನೊಸ್ (ನಮಗೆ), ಲೆಸ್ (ಅವರಿಗೆ). ಸ್ಪೇನಿನಲ್ಲಿ ‘ನಿಮಗೆ’ ಎನ್ನಲು ‘ಒಸ್’ ಕೂಡ ಇದೆ.

ಇಲ್ಲಿ ಕನ್ನಡದವರು ಮಾಡುವ ತಪ್ಪುಗಳು ಎರಡು. ಒಂದು, ಬಹುವಚನ ಮರೆಯುವುದು. ಆಡುಮಾತಿನಲ್ಲಿ ನಾವು ‘ಎರಡು ಟೊಮೆಟೊ ಉಳಿದಿದೆ’ ಅಂದುಬಿಡುತ್ತೇವೆ. ನಪುಂಸಕಲಿಂಗಕ್ಕೆ ಬಹುವಚನ ಹಚ್ಚುವುದು ಬರವಣಿಗೆಯ ಶಿಸ್ತು. ಅದೇ ಅಭ್ಯಾಸದಲ್ಲಿ ‘ಮೆ ಕೇದ ದೊಸ್ ತೊಮಾತೆಸ್’ ಬಂದುಬಿಡುತ್ತದೆ. ತಪ್ಪು. ಉಳಿದದ್ದು ಒಂದಾದರೆ, ಅಥವಾ ಹಿಟ್ಟು, ನೀರು, ಹೊತ್ತಿನಂಥ ಎಣಿಸಲಾಗದ್ದಾದರೆ ಕೇದ. ಎಣಿಸಿ ಒಂದು ದಾಟಿದರೆ ಕೇದನ್. ‘ನೊ ಕೇದ ಪಾನ್’, ಬ್ರೆಡ್ ಖಾಲಿ. ‘ಕೇದನ್ ತ್ರೇಸ್ ದೀಯಸ್’, ಇನ್ನು ಮೂರು ದಿನ ಇದೆ. ಎರಡನೇ ತಪ್ಪು ‘ನನ್ನ ಹತ್ತಿರ’ ಅನ್ನುವುದನ್ನು ಹಾಗೇ ಹೊತ್ತುಕೊಂಡು ಹೋಗುವುದು. ‘ಸೇರ್ಕ ದೆ ಮೀ’ ಅಂದರೆ ಅಳತೆಯಲ್ಲಿ ನನ್ನ ಪಕ್ಕ. ಟೊಮೆಟೊ ನನ್ನ ಕಾಲಬುಡದಲ್ಲಿ ಬಿದ್ದಿದೆ ಎಂದಂತಾಗುತ್ತದೆ. ಸ್ಪ್ಯಾನಿಷ್‌ನಲ್ಲಿ ಒಡೆತನಕ್ಕೂ ‘ನನಗೆ’ ಸಾಕು.

ಇದರ ಪಕ್ಕದಲ್ಲೇ ಇನ್ನೆರಡು ಕ್ರಿಯಾಪದಗಳನ್ನು ಕೂರಿಸಿ ಕಲಿತರೆ ಮೂರೂ ಒಟ್ಟಿಗೆ ಗಟ್ಟಿಯಾಗುತ್ತವೆ. ಊಟಕ್ಕೆ ಹತ್ತು ಜನ ಬಂದಿದ್ದಾರೆ, ಕುರ್ಚಿ ಎಂಟೇ ಇವೆ: ‘ಫಾಲ್ತನ್ ದೊಸ್ ಸೀಯಸ್’, ಎರಡು ಕುರ್ಚಿ ಕಡಿಮೆ ಬಿದ್ದಿವೆ. ಎಂಟು ಜನ ಕೂತರು, ಕುರ್ಚಿ ಹತ್ತಿದ್ದವು, ಇನ್ಯಾರೂ ಬರುವವರಿಲ್ಲ: ‘ಸೋಬ್ರನ್ ದೊಸ್ ಸೀಯಸ್’, ಎರಡು ಹೆಚ್ಚಾಗಿವೆ. ಇನ್ನೂ ಜನ ಬರಬಹುದು, ಖಾಲಿ ಕುರ್ಚಿ ಎಷ್ಟಿದೆ ಎಂದು ಎಣಿಸಿದರೆ ‘ಕೇದನ್ ದೊಸ್ ಸೀಯಸ್’, ಎರಡು ಉಳಿದಿವೆ. ಕುರ್ಚಿಗಳ ಸಂಖ್ಯೆ ಅದೇ, ನೋಡುವ ಕಣ್ಣು ಬೇರೆ. ಹೊತ್ತಿನ ಲೆಕ್ಕದಲ್ಲಿ ಮಾತ್ರ ಫಲ್ತಾರ್ ಮತ್ತು ಕೆದಾರ್ ಎರಡೂ ನಡೆಯುತ್ತವೆ: ರೈಲಿಗೆ ಹತ್ತು ನಿಮಿಷ ‘ಫಾಲ್ತನ್’ ಅಂದರೂ ಸರಿ, ‘ಕೇದನ್’ ಅಂದರೂ ಸರಿ.

ಬಾಕಿ ಕೆಲಸಕ್ಕೆ ‘ಪೊರ್’ ಸೇರಿಸಿ. ‘ಕೇದನ್ ತ್ರೇಸ್ ಕಪೀತುಲೊಸ್ ಪೊರ್ ಲೆಯೇರ್’, ಓದಲು ಮೂರು ಅಧ್ಯಾಯ ಬಾಕಿ. ಬೇರೆ ದಾರಿಯೇ ಇಲ್ಲದಿದ್ದಾಗ ‘ನೊ ಮೆ ಕೇದ ಓತ್ರ’. ‘ನನಗೆ ಬೇರೆ ದಾರಿ ಉಳಿದಿಲ್ಲ’ ಎಂಬ ನಮ್ಮ ಮಾತಿನಲ್ಲಿ ‘ದಾರಿ’ ತೆಗೆದರೆ ಅದೇ ವಾಕ್ಯ.

ನನಗೆ ದೊಡ್ಡದಾಗುತ್ತೆ, ನನಗೆ ಹತ್ತಿರ ಆಗುತ್ತೆ

ಬಟ್ಟೆಯಂಗಡಿಯ ಕೆದಾರ್‌ಗೆ ಕನ್ನಡದ ‘ಆಗುತ್ತೆ’ ಹೊಂದುವಷ್ಟು ಚೆನ್ನಾಗಿ ಇಂಗ್ಲಿಷ್‌ನ ಯಾವ ಪದವೂ ಹೊಂದುವುದಿಲ್ಲ. ‘ಏಸ್ತ ಕಮೀಸ ಮೆ ಕೇದ ಗ್ರಾಂದೆ’, ಈ ಅಂಗಿ ನನಗೆ ದೊಡ್ಡದಾಗುತ್ತೆ. ‘ಏಸ್ತೊಸ್ ಪಂತಲೋನೆಸ್ ಮೆ ಕೇದನ್ ಲಾರ್ಗೊಸ್’, ಈ ಪ್ಯಾಂಟು ನನಗೆ ಉದ್ದ ಆಗುತ್ತೆ. ಪ್ಯಾಂಟು ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಬಹುವಚನ, ಹಾಗಾಗಿ ಕೇದನ್. ಲಾರ್ಗೊಸ್ ಕೂಡ ಪುಲ್ಲಿಂಗ ಬಹುವಚನಕ್ಕೆ ಹೊಂದಿಕೊಂಡಿದೆ. ಆದರೆ ‘ನಿನಗೆ ಚೆನ್ನಾಗಿ ಒಪ್ಪುತ್ತೆ’ ಎನ್ನಲು ‘ತೆ ಕೇದ ಬ್ಯೇನ್’. ಬ್ಯೇನ್, ಮಾಲ್ (ಚೆನ್ನಾಗಿ, ಕೆಟ್ಟದಾಗಿ) ಕ್ರಿಯಾವಿಶೇಷಣಗಳು. ಲಿಂಗವೂ ಇಲ್ಲ, ವಚನವೂ ಇಲ್ಲ. ಅಂಗಿ ಸ್ತ್ರೀಲಿಂಗ ಎಂದು ಲೆಕ್ಕ ಹಾಕಿ ‘ತೆ ಕೇದ ಬ್ವೇನ’ ಅನ್ನುವುದು ಕಲಿಯುವವರ ಖಾಯಂ ತಪ್ಪು.

ಅಡುಗೆಗೆ ಮಾತ್ರ ಆ ತಪ್ಪು ತಪ್ಪಲ್ಲ. ‘ಎಲ್ ಅರ್ರೋಸ್ ತೆ ಕೆದೋ ಮುಯ್ ರೀಕೊ’, ನೀನು ಮಾಡಿದ ಅನ್ನ ತುಂಬಾ ರುಚಿಯಾಗಿ ಬಂದಿದೆ. ಇಲ್ಲಿ ವಿಶೇಷಣ ಬರುತ್ತದೆ, ತಿಂಡಿಯ ಲಿಂಗಕ್ಕೆ ಹೊಂದುತ್ತದೆ. ‘ತೆ’ ಇಲ್ಲಿ ತಿನ್ನುವವನಲ್ಲ, ಮಾಡಿದವನು. ಕನ್ನಡ ಇಲ್ಲಿ ಜಾರಿಸುತ್ತದೆ: ‘ನಿನಗೆ ರುಚಿಯಾಯ್ತು’ ಅಂದರೆ ನಮಗೆ ತಿಂದವನು ನೆನಪಾಗುತ್ತಾನೆ. ಕೈಯಾರೆ ಮಾಡಿದ ಏನಕ್ಕೇ ಆಗಲಿ, ಚಿತ್ರ, ಹೊಲಿಗೆ, ಪ್ರಬಂಧ, ಇದೇ ವಾಕ್ಯ ನಡೆಯುತ್ತದೆ. ಸ್ಪೇನಿನಲ್ಲಿ ಈಗತಾನೇ ಮಾಡಿದ್ದಕ್ಕೆ ‘ತೆ ಆ ಕೆದಾದೊ’ ಕೇಳುತ್ತೀರಿ, ಲ್ಯಾಟಿನ್ ಅಮೆರಿಕದ ಬಹಳಷ್ಟು ಕಡೆ ‘ತೆ ಕೆದೋ’.

ದಾರಿ ಕೇಳಲು ‘ದೋಂದೆ ಕೇದ ಲ ಫರ್ಮಾಸಿಯ?’ ಔಷಧಿ ಅಂಗಡಿ ಎಲ್ಲಿ ಬರುತ್ತೆ? ನಮ್ಮಲ್ಲಿ ಕಟ್ಟಡಗಳು ಬರುತ್ತವೆ, ಅವರಲ್ಲಿ ಉಳಿಯುತ್ತವೆ, ನಡೆಯುವವರು ನಾವೇ. ‘ಮೆ ಕೇದ ಸೇರ್ಕ’ ಅಂದರೆ ನನಗೆ ಹತ್ತಿರ ಆಗುತ್ತೆ, ‘ಮೆ ಕೇದ ಲೇಹೊಸ್’ ಅಂದರೆ ದೂರ ಆಗುತ್ತೆ. ಇದು ಊರು, ಬೀದಿ, ಕಟ್ಟಡಗಳಂಥ ಅಲುಗದ ವಸ್ತುಗಳಿಗೆ ಮಾತ್ರ. ಬೀಗದಕೈ ಎಲ್ಲಿದೆ ಎನ್ನಲು ಕೆದಾರ್ ಹಚ್ಚಬಾರದು, ಅಲ್ಲಿ ಎಸ್ತಾರ್ (ಇರು) ಬೇಕು. ಲ್ಯಾಟಿನ್ ಅಮೆರಿಕದಲ್ಲಿ ಈ ಬಳಕೆ ಬಾಯಿತುಂಬಾ ಇದೆ. ಸ್ಪೇನಿನಲ್ಲಿ ದಾರಿ ಕೇಳಲು ಎಸ್ತಾರ್ ಹೆಚ್ಚು, ಹತ್ತಿರ ದೂರಗಳ ಮಾತಿಗೆ ಕೆದಾರ್ ಅಲ್ಲೂ ಸಹಜ.

‘ಮೆ ಕೇದ ಕ್ಲಾರೊ’ ಕೂಡ ಇದೇ ಗುಂಪು: ನನಗೆ ಸ್ಪಷ್ಟ ಆಯ್ತು.

ಸಿಗೋಣ್ವಾ?

ಸ್ಪೇನಿಗೆ ಹೋದವರಿಗೆ ಮೊದಲ ವಾರವೇ ಎದುರಾಗುವ ಬಳಕೆ ಇದು, ಪಠ್ಯಪುಸ್ತಕದಲ್ಲಿ ತಡವಾಗಿ ಬರುವುದೂ ಇದೇ. ‘ಎ ಕೆದಾದೊ ಕೊನ್ ಆನ ಅ ಲಸ್ ಓಚೊ’: ಎಂಟಕ್ಕೆ ಆನಾಳನ್ನು ಭೇಟಿಯಾಗುವುದೆಂದು ಮಾತಾಗಿದೆ. ಆನಾಳ ಜೊತೆ ಉಳಿದೆ ಅಂತಲ್ಲ. ಮಾತು ಹೋಗಿ ಬಂದು ಒಂದು ಕಡೆ ನಿಂತಿತು ಎಂದು ನೋಡಿದರೆ ಮೂಲ ಅರ್ಥ ಇಲ್ಲೂ ಇದೆ. ವ್ಯಕ್ತಿಗೆ ‘ಕೊನ್’, ಹೊತ್ತಿಗೆ ‘ಅ’, ಜಾಗಕ್ಕೆ ‘ಎನ್’, ಉದ್ದೇಶಕ್ಕೆ ‘ಪರ’. ಈ ನಾಲ್ಕು ಉಪಸರ್ಗಗಳನ್ನು ಒಂದೇ ವಾಕ್ಯದಲ್ಲಿ ಹಾಕಿ ಬಾಯಿಪಾಠ ಮಾಡುವುದು ಒಳ್ಳೆಯದು. ‘ಕೆದಾಮೊಸ್ ಮನ್ಯಾನ?’ ಅಂದರೆ ನಾಳೆ ಸಿಗೋಣ್ವಾ? ಕರೆದವರಿಗೆ ‘ನೊ ಪ್ವೇದೊ, ಎ ಕೆದಾದೊ’ ಎಂದರೆ ಸಾಕು: ಆಗಲ್ಲ, ಬೇರೆಯವರಿಗೆ ಮಾತು ಕೊಟ್ಟಿದ್ದೀನಿ. ಯಾರಿಗೆ ಎಂದು ಹೇಳಲೇಬೇಕಿಲ್ಲ. ತಪ್ಪಿಸಿಕೊಳ್ಳಲು ಇಷ್ಟು ಚೊಕ್ಕ ಮಾತು ಕನ್ನಡದಲ್ಲಿಲ್ಲ.

ರಸ್ತೆಯಲ್ಲಿ ಅಚಾನಕ್ಕಾಗಿ ಸಿಕ್ಕಿದ್ದಕ್ಕೆ ಕೆದಾರ್ ಬಳಸಬೇಡಿ, ಮೊದಲೇ ಮಾತಾಡಿಕೊಂಡಿರಬೇಕು. ಮೊದಲ ಸಲ ಪರಿಚಯವಾದದ್ದಕ್ಕೆ ಕೊನೊಸೇರ್. ‘ಸಿಗು’ ಎಂಬ ಒಂದೇ ಪದದಲ್ಲಿ ಈ ಮೂರನ್ನೂ ಮುಗಿಸಿ ನಮಗೆ ರೂಢಿ, ಆದ್ದರಿಂದ ಇಲ್ಲಿ ಎಚ್ಚರ ಬೇಕು.

ಒಪ್ಪಂದಕ್ಕೆ ‘ಕೆದಾರ್ ಎನ್’ ಜೊತೆ ಕ್ರಿಯಾಪದ: ‘ಕೆದಾಮೊಸ್ ಎನ್ ಯಮಾರ್ನೊಸ್’, ಫೋನ್ ಮಾಡಿಕೊಳ್ಳೋಣ ಎಂದು ಮಾತಾಯ್ತು. ಮೆಕ್ಸಿಕೊದವರು ಇಲ್ಲಿ ‘ಎನ್’ ಬದಲು ‘ದೆ’ ಹಾಕುವುದುಂಟು: ‘ಕೆದಾಮೊಸ್ ದೆ ಬೇರ್ನೊಸ್’. ಎದುರಿನವರು ಮಾತು ಬದಲಾಯಿಸುತ್ತಲೇ ಇದ್ದರೆ ‘ಎನ್ ಕೇ ಕೆದಾಮೊಸ್?’ ಎಂದು ಕೇಳಿ. ಕೊನೆಗೂ ಏನು ಅಂತ ತೀರ್ಮಾನ? ದನಿಯಲ್ಲಿ ಸ್ವಲ್ಪ ಸಿಡುಕು ಇರಲೇಬೇಕು, ಇಲ್ಲದಿದ್ದರೆ ಈ ಮಾತಿಗೆ ಸ್ವಾರಸ್ಯವಿಲ್ಲ. ಇಲ್ಲಿನ ಕೆದಾಮೊಸ್ ವರ್ತಮಾನವೂ ಹೌದು, ಭೂತವೂ ಹೌದು. ಎರಡಕ್ಕೂ ರೂಪ ಒಂದೇ. ‘ನಿನ್ನೆ’, ‘ನಾಳೆ’ ಪಕ್ಕದಲ್ಲಿದ್ದರೆ ಗೊಂದಲವಿಲ್ಲ.

ಉಳಿಯುವುದು, ಉಳಿದುಕೊಳ್ಳುವುದು

ಈಗ ‘ಸೆ’ ಅಂಟಿದ ರೂಪ, ಕೆದಾರ್ಸೆ. ಇಂಗ್ಲಿಷ್ ಮೂಲಕ ಕಲಿಯುವವರಿಗೆ ಈ ‘ಸೆ’ ಯಾಕೆ ಬಂತು, ಎಲ್ಲಿ ಹೋಯಿತು ಎಂಬುದು ಕೊನೆಯವರೆಗೂ ಒಗಟು. ಕನ್ನಡದಲ್ಲಿ ಉಳಿ ಬೇರೆ, ಉಳಿದುಕೊಳ್ಳು ಬೇರೆ. ಡಬ್ಬಿಯಲ್ಲಿ ಅಕ್ಕಿ ಉಳಿಯಿತು. ನೆಂಟರು ರಾತ್ರಿ ಉಳಿದುಕೊಂಡರು. ಮನುಷ್ಯ ತಾನಾಗಿ ಹೂಡಿದ ವಾಸ್ತವ್ಯಕ್ಕೆ ‘ಕೊಳ್ಳು’ ಬರುವ ಹಾಗೆ ಅಲ್ಲಿ ‘ಸೆ’ ಬರುತ್ತದೆ. ‘ನೊಸ್ ಕೆದಾಮೊಸ್ ಎನ್ ಉನ್ ಒತೇಲ್’, ನಾವು ಹೋಟೆಲಿನಲ್ಲಿ ಉಳಿದುಕೊಂಡೆವು. ‘ತೆ ಕೇದಸ್ ಅ ಸೆನಾರ್?’ ರಾತ್ರಿ ಊಟಕ್ಕೆ ಇರ್ತೀಯಾ? 2020ರ ಲಾಕ್‌ಡೌನಿನಲ್ಲಿ ಸ್ಪೇನಿನ ಎಲ್ಲೆಡೆ ಕಂಡ ‘ಕೇದತೆ ಎನ್ ಕಾಸ’ (ಮನೆಯಲ್ಲೇ ಇರು) ಇದೇ ಕ್ರಿಯಾಪದದ ಆಜ್ಞಾರ್ಥ. ಅರ್ಜೆಂಟೀನಾದಲ್ಲಿ ಒತ್ತು ಜರುಗಿ ಅದು ‘ಕೆದಾತೆ’ ಆಗುತ್ತದೆ, ಬರೆಯುವಾಗ ಇ ಮೇಲಿನ ಗೀಟೂ ಹೋಗುತ್ತದೆ.

ಇಟ್ಟುಕೊಳ್ಳುವುದಕ್ಕೆ ‘ಕೆದಾರ್ಸೆ ಕೊನ್’. ಟ್ಯಾಕ್ಸಿಯವನಿಗೆ ‘ಕೇದೆಸೆ ಕೊನ್ ಎಲ್ ಕಾಂಬ್ಯೊ’, ಚಿಲ್ಲರೆ ನೀವೇ ಇಟ್ಟುಕೊಳ್ಳಿ. ಇಲ್ಲೂ ಕೊಳ್ಳು, ಅಲ್ಲೂ ಸೆ. ಅಂಗಡಿಯಲ್ಲಿ ನಾಲ್ಕು ನೋಡಿ ಒಂದನ್ನು ಆರಿಸಿದಾಗ ‘ಮೆ ಕೇದೊ ಕೊನ್ ಏಸ್ತೆ’ ಅಥವಾ ‘ಮೆ ಲೊ ಕೇದೊ’, ಇದನ್ನೇ ತಗೋತೀನಿ.

‘ಸೆ’ ಹಾಕುವುದು ಬಿಡುವುದು ಎಷ್ಟು ದೂರ ಒಯ್ಯುತ್ತದೆ ನೋಡಿ. ‘ಕೆದಾಮೊಸ್ ಎನ್ ಎಲ್ ಬಾರ್’ ಅಂದರೆ ಬಾರಿನಲ್ಲಿ ಸಿಗೋಣ. ‘ನೊಸ್ ಕೆದಾಮೊಸ್ ಎನ್ ಎಲ್ ಬಾರ್’ ಅಂದರೆ ನಾವು ಬಾರಿನಲ್ಲೇ ಇರ್ತೀವಿ. ‘ಕೆದಾಮೊಸ್ ಎನ್ ಇರ್ ಅಲ್ ಬಾರ್’ ಅಂದರೆ ಬಾರಿಗೆ ಹೋಗುವುದೆಂದು ಮಾತಾಯ್ತು. ಸ್ಪೇನಿನ ಆಡುಮಾತಿನಲ್ಲಿ ‘ತೆ ಎಸ್ತಾಸ್ ಕೆದಾಂದೊ ಕೊನ್ಮೀಗೊ?’ ಎಂದು ಹುಬ್ಬೇರಿಸಿ ಕೇಳಿದರೆ ನನ್ನ ಜೊತೆ ಇರ್ತೀಯಾ ಎಂದಲ್ಲ, ನನ್ನನ್ನ ಆಟ ಆಡಿಸ್ತಿದ್ದೀಯಾ ಅಂತ.

ಕೆದಾರ್ಸೆಯ ಇನ್ನೊಂದು ಮುಖಕ್ಕೆ ‘ಕೊಳ್ಳು’ ಸಾಲದು, ‘ಬಿಡು’ ಬೇಕು. ‘ಸೆ ಕೆದೋ ದೊರ್ಮೀದೊ’, ನಿದ್ದೆ ಹೋಗಿಬಿಟ್ಟ. ‘ಮೆ ಕೆದೇ ಸಿನ್ ದಿನೇರೊ’, ದುಡ್ಡು ಖಾಲಿಯಾಗಿಬಿಡ್ತು. ‘ಸೆ ಕೆದೋ ಸ್ಯೇಗೊ’, ಕುರುಡನಾಗಿಬಿಟ್ಟ. ‘ಸೆ ಕೆದೋ ಬ್ಯೂದ’, ವಿಧವೆಯಾಗಿಬಿಟ್ಟಳು. ಏನೋ ನಡೆಯಿತು, ಬಹುಪಾಲು ಏನನ್ನೋ ಕಳೆದುಕೊಂಡದ್ದು, ಆಮೇಲೆ ಮನುಷ್ಯ ಆ ಸ್ಥಿತಿಯಲ್ಲಿ ನಿಂತ. ಬೋಳು, ಕಿವುಡು, ಅನಾಥ, ಒಂಟಿ, ಮೌನ ಎಲ್ಲ ಈ ಸಾಲಿನವು. ಗರ್ಭಿಣಿಯಾಗುವುದಕ್ಕೂ ಇದೇ (ಎಂಬರಸಾದ, ನಾಚಿಕೆಯ ಇಂಗ್ಲಿಷ್ ಪದದಂತೆ ಕೇಳುತ್ತದೆ, ಅರ್ಥ ಬಸುರಿ). ಬೇಗ ಬಂದು ಹೋಗುವ ಭಾವಗಳಿಗೆ, ಸಿಟ್ಟು ಗಾಬರಿಗಳಿಗೆ ಮಾತ್ರ ಬೇರೆ ಕ್ರಿಯಾಪದ: ‘ಸೆ ಪೂಸೊ ನೆರ್ಬ್ಯೋಸೊ’, ಗಾಬರಿಯಾದ. ‘ಆಗು’ ಎಂಬ ಒಂದೇ ಪದದಿಂದ ಎರಡಕ್ಕೂ ಹೊರಟರೆ ಕಲಸಿಹೋಗುತ್ತದೆ, ಅದಕ್ಕೇ ‘ಬಿಡು’ ಪಕ್ಕದಲ್ಲಿ ಇರಲಿ.

ಒಂದು ಬಲೆ: ‘ಸುಮ್ಮನಾಗಿಬಿಟ್ಟೆ’ ಅನ್ನಲು ಕನ್ನಡದಲ್ಲಿ ಗಂಡಸಿಗೂ ಹೆಂಗಸಿಗೂ ಒಂದೇ ರೂಪ. ಸ್ಪ್ಯಾನಿಷ್‌ನಲ್ಲಿ ಗಂಡಸು ‘ಮೆ ಕೆದೇ ಕಯಾದೊ’, ಹೆಂಗಸು ‘ಮೆ ಕೆದೇ ಕಯಾದ’. ಉತ್ತಮಪುರುಷದಲ್ಲಿ ಲಿಂಗ ಯೋಚಿಸುವ ಅಭ್ಯಾಸವೇ ನಮಗಿಲ್ಲ, ಹಾಗಾಗಿ ಪಳಗಿದವರೂ ಇಲ್ಲಿ ಎಡವುತ್ತಾರೆ.

ಸುದ್ದಿ ಮತ್ತು ಸರ್ಕಾರಿ ಭಾಷೆಯಲ್ಲಿ ‘ಸೆ’ ಇಲ್ಲದೆಯೂ ಬರುತ್ತದೆ. ‘ಕೇದ ಪ್ರೊಯಿಬೀದೊ ಫುಮಾರ್’, ಧೂಮಪಾನ ನಿಷೇಧಿಸಲಾಗಿದೆ. ಆಟದ ಫಲಿತಾಂಶಕ್ಕೂ ಹಾಗೇ: ‘ಕೋಮೊ ಕೆದೋ ಎಲ್ ಪರ್ತೀದೊ?’ ಪಂದ್ಯ ಏನಾಯ್ತು? 2010ರ ಜುಲೈ 11ರಂದು ಜೊಹಾನ್ಸ್‌ಬರ್ಗಿನ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ವಿರುದ್ಧ ‘ಊನೊ ಅ ಸೇರೊ’, ಒಂದು–ಸೊನ್ನೆ. ‘ಎಸ್ಪಾನ್ಯ ಕೆದೋ ಕಂಪ್ಯೋನ’, ಸ್ಪೇನ್ ಚಾಂಪಿಯನ್ ಆಯಿತು.

ಇನ್ನು ‘ಕೆದಾರ್ ಬ್ಯೇನ್’. ಮೆ, ತೆ ಇಲ್ಲದೆ ಮನುಷ್ಯನೇ ಕರ್ತೃವಾದರೆ ಅಂಗಿ ಒಪ್ಪುವ ಮಾತಲ್ಲ, ಮರ್ಯಾದೆಯ ಮಾತು. ‘ಕೆದೇ ಮಾಲ್ ಕೊನ್ ಏಯೊಸ್’, ಅವರ ಮುಂದೆ ಸಣ್ಣವನಾದೆ. ‘ಪರ ಕೆದಾರ್ ಬ್ಯೇನ್’ ಅಂದರೆ ಒಳ್ಳೆಯವರು ಅನ್ನಿಸಿಕೊಳ್ಳಲು. ಮನಸ್ಸಿಲ್ಲದಿದ್ದರೂ ಸ್ವೀಟ್ ಬಾಕ್ಸ್ ಹಿಡಿದು ಹೋಗುತ್ತೇವಲ್ಲ, ಅದು.

ಅಭ್ಯಾಸ ಹೇಗೆ

ಕಾರ್ಡಿನ ಮುಂದೆ ‘ಕೆದಾರ್’, ಹಿಂದೆ ಅರ್ಥಗಳ ಸಾಲು: ಈ ತರಹದ ಕಾರ್ಡು ಬೇಡ. ಹಿಂದೆ ನೋಡಿದಾಗೆಲ್ಲ ಹದಿನೈದರಲ್ಲಿ ನಾಲ್ಕು ನೆನಪಾಗಿ, ಗೊತ್ತು ಎಂಬ ಭ್ರಮೆ ಬರುತ್ತದೆ. ಮುಂದೆ ಕನ್ನಡ ವಾಕ್ಯ, ಹಿಂದೆ ಸ್ಪ್ಯಾನಿಷ್ ವಾಕ್ಯ, ಉಪಸರ್ಗ ಸಮೇತ. ಹತ್ತು ಕಾರ್ಡು ಸಾಕು: ಟೊಮೆಟೊ, ಬಾಕಿ ಅಧ್ಯಾಯ, ದೊಡ್ಡದಾದ ಅಂಗಿ, ರುಚಿಯಾದ ಅನ್ನ, ಹತ್ತಿರದ ಔಷಧಿ ಅಂಗಡಿ, ಎಂಟು ಗಂಟೆಯ ಆನಾ, ಫೋನ್ ಮಾಡಿಕೊಳ್ಳುವ ಮಾತು, ಹೋಟೆಲು, ಚಿಲ್ಲರೆ, ನಿದ್ದೆ.

ಮೊದಲ ವಾರ ‘ನನಗೆ’ ಬರುವ ಐದು ಮಾತ್ರ. ಪ್ರತಿ ವಾಕ್ಯದಲ್ಲೂ ಸರ್ವನಾಮವನ್ನು ಐದು ಸಲ ಬದಲಿಸಿ, ವಸ್ತುವನ್ನು ಐದು ಸಲ ಬದಲಿಸಿ: ಒಂದು ಕಾರ್ಡಿಗೆ ಇಪ್ಪತ್ತೈದು ವಾಕ್ಯ, ಗಟ್ಟಿಯಾಗಿ ಹೇಳಿದರೆ ಕೆಲವೇ ನಿಮಿಷ. ವಸ್ತು ಬದಲಿಸುವಾಗ ಬೇಕೆಂದೇ ಒಂದು, ಎರಡು, ಒಂದು, ಎರಡು ಎಂದು ಹಾರಿ. ಕೇದ ಮತ್ತು ಕೇದನ್ ಬಾಯಲ್ಲಿ ಕೂರುವುದು ಹಾಗೆಯೇ. ‘ಸೆ’ ಇರುವವನ್ನು ಎರಡನೇ ವಾರಕ್ಕೆ ಇಡಿ. ಎರಡನ್ನೂ ಮೊದಲ ದಿನವೇ ಬೆರೆಸಿದರೆ ‘ಮೆ ಕೇದ’ (ನನಗೆ ಉಳಿದಿದೆ) ಮತ್ತು ‘ಮೆ ಕೇದೊ’ (ನಾನು ಉಳಿದುಕೊಳ್ಳುತ್ತೇನೆ) ಕಲಸಿಕೊಳ್ಳುತ್ತವೆ, ಎರಡರಲ್ಲೂ ‘ಮೆ’ ಇದೆ. ಬಿಡಿಸುವ ಉಪಾಯ ಕ್ರಿಯಾಪದದ ತುದಿ ನೋಡುವುದು: ತುದಿಯಲ್ಲಿ ಒತ್ತಿಲ್ಲದ ‘ಒ’ ಇದ್ದರೆ ಕರ್ತೃ ನಾನು, ‘ಅ’ ಇದ್ದರೆ ಕರ್ತೃ ಬೇರೇನೋ.

ನಿಘಂಟಿಗೆ ಸ್ಪ್ಯಾನಿಷ್ ರಾಜ ಅಕಾಡೆಮಿಯದ್ದೇ ನೋಡಿ, ಜಾಲದಲ್ಲಿ ಉಚಿತ. ಅರ್ಥದ ಮೊದಲಲ್ಲಿ ಪ್ರೊನೊಮಿನಲ್ ಎಂಬುದರ ಸಂಕ್ಷೇಪ ಇದ್ದರೆ ಆ ಅರ್ಥಕ್ಕೆ ‘ಸೆ’ ಬೇಕೇ ಬೇಕು. ಕೊನೆಯಲ್ಲಿ ‘ಹೀಗೂ ಬಳಸುತ್ತಾರೆ’ ಎಂಬ ಟಿಪ್ಪಣಿಯೊಳಗೆ ಇದ್ದರೆ ಎರಡೂ ನಡೆಯುತ್ತವೆ. ಸ್ಪೇನಿನ ಪಶ್ಚಿಮದಲ್ಲಿ, ಎಸ್ತ್ರೆಮದೂರದಂಥ ಕಡೆ, ‘ಬೀಗದಕೈ ಮನೆಯಲ್ಲಿ ಬಿಟ್ಟೆ’ ಎನ್ನಲೂ ಕೆದಾರ್ ಬಳಸುವವರು ಸಿಗುತ್ತಾರೆ. ಕೇಳಿದರೆ ಅರ್ಥ ಮಾಡಿಕೊಳ್ಳಿ, ಪರೀಕ್ಷೆಯಲ್ಲಿ ಬರೆಯಬೇಡಿ. ಅಲ್ಲಿ ಬೇಕಾದದ್ದು ದೆಹಾರ್.